ಗೇಮ್ ಷೋ ಚಾಂಪಿಯನ್ನರ ಗೆಲುವಿಗೆ ಮಿತಿ

ಟಿ.ವಿ.ಯ ಕೆಲವು ಕ್ವಿಜ್ ಮತ್ತು ಗೇಮ್ ಷೋಗಳಲ್ಲಿ ಇವತ್ತು ಗೆದ್ದವರು ನಾಳೆಯ ಕಂತಿಗೂ ಬರುತ್ತಾರೆ. ಯಾರಾದರೂ ಸೋಲಿಸುವವರೆಗೆ ಆಡುತ್ತಲೇ ಇರುತ್ತಾರೆ. ಇಂಥವರು ಎಷ್ಟು ದಿನ ಆಡಬಹುದು, ಎಷ್ಟು ಹಣ ಮನೆಗೆ ಒಯ್ಯಬಹುದು ಎಂಬುದಕ್ಕೆ ವಾಹಿನಿಗಳು, ನಿರ್ಮಾಪಕರು, ಕೆಲವು ದೇಶಗಳಲ್ಲಿ ಪ್ರಸಾರದ ನಿಯಂತ್ರಣ ಸಂಸ್ಥೆಗಳು ಮಿತಿ ಹಾಕುತ್ತ ಬಂದಿವೆ. ಮಿತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದಿನಗಳ ಮಿತಿ: ಐದೋ ಎಂಟೋ ಸಲ ಗೆದ್ದ ಮೇಲೆ ಸೋಲದಿದ್ದರೂ ನಿವೃತ್ತಿ. ಇನ್ನೊಂದು ಹಣದ ಮಿತಿ: ಗೊತ್ತುಪಡಿಸಿದ ಮೊತ್ತ ದಾಟಿದರೆ ಮಿಕ್ಕಿದ್ದು ಕೈಗೆ ಸಿಗದು, ಇಲ್ಲವೇ ಮುಂದಿನ ಆಟಕ್ಕೆ ಅವಕಾಶವಿರದು. ಅಮೆರಿಕದಲ್ಲಿ ಈ ಚರ್ಚೆಗೆ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯಿದೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ‘ಜೆಪರ್ಡಿ’ ಎಂಬ ಕ್ವಿಜ್ ಷೋನಲ್ಲಿ ಸತತ 74 ಆಟ ಗೆದ್ದಾಗ ಅದು ಮತ್ತೆ ಬಿಸಿಯೇರಿತು, 2019ರಲ್ಲಿ ಜೇಮ್ಸ್ ಹೋಲ್ಜ್‌ಹೌವರ್ ಅಷ್ಟೇ ಹಣವನ್ನು ಅರ್ಧಕ್ಕಿಂತ ಕಡಿಮೆ ದಿನಗಳಲ್ಲಿ ಗಳಿಸಲು ಹೊರಟಾಗ ಇನ್ನೊಮ್ಮೆ.

ಮಿತಿ ಇರಬೇಕೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ನ್ಯಾಯದ ಪ್ರಶ್ನೆಯಾಗಿ ಕೇಳುತ್ತಾರೆ. ಆದರೆ ಮಿತಿ ಹುಟ್ಟಿದ್ದು ನ್ಯಾಯದ ಚಿಂತೆಯಿಂದಲ್ಲ, ಭಯದಿಂದ. ಆ ಭಯದ ಮೂಲ 1950ರ ದಶಕದಲ್ಲಿದೆ.

ಹಗರಣದ ವರ್ಷಗಳು

1955ರ ಜೂನ್ 7ರಂದು ಸಿಬಿಎಸ್ ವಾಹಿನಿಯಲ್ಲಿ ‘ದಿ 64,000 ಡಾಲರ್ ಕ್ವೆಶ್ಚನ್’ ಶುರುವಾಯಿತು. ಸೌಂದರ್ಯವರ್ಧಕ ತಯಾರಿಸುವ ರೆವ್ಲಾನ್ ಕಂಪನಿ ಅದರ ಪ್ರಾಯೋಜಕ. ದೊಡ್ಡ ಮೊತ್ತದ ಹಂತ ತಲುಪಿದ ಸ್ಪರ್ಧಿ ವಾರಕ್ಕೊಂದು ಮೆಟ್ಟಿಲು ಏರಬೇಕು. ಮುಂದಿನ ವಾರ ಇದ್ದುದನ್ನೆಲ್ಲ ಪಣಕ್ಕಿಡಬೇಕೋ ಸಿಕ್ಕಿದ್ದನ್ನು ತೆಗೆದುಕೊಂಡು ಹೊರಡಬೇಕೋ ಎಂದು ನಿರ್ಧರಿಸಬೇಕು. ವಾರವಾರವೂ ಅದೇ ಮುಖ ಕಾಣುತ್ತಿದ್ದುದರಿಂದ ನೋಡುಗರಿಗೆ ಆ ಸ್ಪರ್ಧಿಗಳು ನೆಂಟರಷ್ಟು ಪರಿಚಿತರಾದರು. ಚಾಂಪಿಯನ್ ಮತ್ತೆ ಬರುತ್ತಾನೆಂದರೆ ಜನರೂ ಮತ್ತೆ ಟಿ.ವಿ. ಮುಂದೆ ಕೂರುತ್ತಾರೆ ಎಂಬುದು ವಾಹಿನಿಗಳಿಗೆ ಅರ್ಥವಾದದ್ದು ಆಗಲೇ.

ಮರುವರ್ಷದ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ‘ಟ್ವೆಂಟಿ ಒನ್’ ತಂದಿತು. ನಿರೂಪಕ ಜ್ಯಾಕ್ ಬ್ಯಾರಿ, ನಿರ್ಮಾಪಕ ಡ್ಯಾನ್ ಎನ್‌ರೈಟ್. ಇಬ್ಬರು ಸ್ಪರ್ಧಿಗಳು ಹೊರಗಿನ ಸದ್ದು ಕೇಳದ ಬೇರೆ ಬೇರೆ ಗಾಜಿನ ಗೂಡುಗಳಲ್ಲಿ ನಿಂತು 1ರಿಂದ 11 ಅಂಕದ ಪ್ರಶ್ನೆಗಳನ್ನು ಆರಿಸಿಕೊಂಡು 21 ಮುಟ್ಟಬೇಕು. ಇಬ್ಬರ ನಡುವಿನ ಅಂಕದ ಅಂತರಕ್ಕೆ, ಅಂಕವೊಂದಕ್ಕೆ 500 ಡಾಲರಿನಂತೆ ಹಣ. ಆಟ ಸಮವಾದರೆ ಮುಂದಿನ ಆಟದಲ್ಲಿ ಆ ದರ ಇನ್ನೂ 500 ಏರುತ್ತದೆ. ಚಾಂಪಿಯನ್ ಸೋತರೆ ಹೊಸಬನಿಗೆ ಕೊಡಬೇಕಾದ ಹಣ ಚಾಂಪಿಯನ್ನನ ಗಂಟಿನಿಂದಲೇ ಕಳೆಯುತ್ತದೆ. ಹೀಗಾಗಿ ಪ್ರತಿ ವಾರವೂ ಅವನಿಗೆ ಎದೆ ಡವಗುಟ್ಟುವ ಪ್ರಶ್ನೆ ಒಂದೇ: ಇನ್ನೊಮ್ಮೆ ಆಡುವುದೋ, ನಿಲ್ಲಿಸುವುದೋ? ಕಾಗದದ ಮೇಲೆ ಇಷ್ಟು ಚೆನ್ನಾಗಿ ಹೊಂದಿಸಿದ ಆಟಗಳು ಕಡಿಮೆ.

ಆಡಿಸಿದ ರೀತಿ ಮಾತ್ರ ಮೋಸದ್ದು. ನ್ಯೂಯಾರ್ಕಿನ ಕ್ವೀನ್ಸ್‌ನ ಹರ್ಬ್ ಸ್ಟೆಂಪೆಲ್ ಎಂಬ ವಿದ್ಯಾರ್ಥಿಗೆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಮೊದಲೇ ಹೇಳಿಕೊಡಲಾಗಿತ್ತು. ಯಾವ ಉತ್ತರಕ್ಕೆ ಎಷ್ಟು ತಡಮಾಡಬೇಕು, ಹಣೆಯ ಬೆವರನ್ನು ಹೇಗೆ ಒರೆಸಿಕೊಳ್ಳಬೇಕು ಎಂಬುದರವರೆಗೂ ತಾಲೀಮು ನಡೆದಿತ್ತು. ಜನರಿಗೆ ಅವರ ಮೇಲೆ ಬೇಸರ ಬಂತೆಂದು ಅನಿಸಿದಾಗ ನಿರ್ಮಾಪಕರು ಸೋಲುವಂತೆ ಹೇಳಿದರು. 1956ರ ಡಿಸೆಂಬರ್ 5ರ ಕಂತಿನಲ್ಲಿ, ಹಿಂದಿನ ವರ್ಷದ ಅತ್ಯುತ್ತಮ ಚಿತ್ರವಾಗಿ ಆಸ್ಕರ್ ಗೆದ್ದದ್ದು ಯಾವುದು ಎಂಬ ಪ್ರಶ್ನೆ ಬಂತು. ಉತ್ತರ ‘ಮಾರ್ಟಿ’. ಸ್ಟೆಂಪೆಲ್ ಅದನ್ನು ಮತ್ತೆ ಮತ್ತೆ ನೋಡಿ ಮೆಚ್ಚಿಕೊಂಡಿದ್ದರು. ಆದರೂ ಒಪ್ಪಂದದಂತೆ ‘ಆನ್ ದ ವಾಟರ್‌ಫ್ರಂಟ್’ ಎಂದು ತಪ್ಪು ಹೇಳಿದರು. ಗೊತ್ತಿರುವ ಉತ್ತರವನ್ನು ಗೊತ್ತಿಲ್ಲವೆಂಬಂತೆ ಕೋಟ್ಯಂತರ ಜನರೆದುರು ನಟಿಸಬೇಕಾದ ಅವಮಾನ ಅವರನ್ನು ಬಹಳ ಕಾಲ ಕಾಡಿತು. ಮುಂದೆ ಗುಟ್ಟು ಹೊರಹಾಕಿದವರಲ್ಲಿ ಅವರೂ ಒಬ್ಬರು.

ಅವರ ಜಾಗಕ್ಕೆ ಬಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್. ಹೆಸರಾಂತ ಸಾಹಿತಿಗಳ ಮನೆತನ, ಸುಂದರ ಮುಖ, ಮೆಲುದನಿ. 1957ರ ಫೆಬ್ರುವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡರು. ಮಾರ್ಚ್ 11ರಂದು ವಿವಿಯನ್ ನಿಯರಿಂಗ್ ಎಂಬ ವಕೀಲೆಗೆ ಸೋತಾಗ ಅವರ ಗಳಿಕೆ 1,29,000 ಡಾಲರ್. 1958ರ ಆಗಸ್ಟಿನಲ್ಲಿ ‘ಡಾಟೊ’ ಎಂಬ ಇನ್ನೊಂದು ಕಾರ್ಯಕ್ರಮದ ಸ್ಪರ್ಧಿಯೊಬ್ಬರ ಬಳಿ ಉತ್ತರಗಳಿದ್ದ ಟಿಪ್ಪಣಿ ಪುಸ್ತಕ ಸಿಕ್ಕಿಬಿದ್ದು ಇಡೀ ಜಾಲ ಬಿಚ್ಚಿಕೊಂಡಿತು. 1959ರ ನವೆಂಬರ್ 2ರಂದು ವ್ಯಾನ್ ಡೋರನ್ ಸಂಸದೀಯ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಕೆಲಸ ಹೋಯಿತು. ಟಿ.ವಿ. ಸ್ಪರ್ಧೆಯಲ್ಲಿ ಹೀಗೆ ಮೋಸ ಮಾಡುವುದು ಅಲ್ಲಿಯವರೆಗೆ ಕಾನೂನಿನ ಪ್ರಕಾರ ಅಪರಾಧವೇ ಆಗಿರಲಿಲ್ಲ. 1960ರಲ್ಲಿ ಅಮೆರಿಕದ ಸಂಪರ್ಕ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಅಪರಾಧವಾಗಿಸಲಾಯಿತು.

ವಾಹಿನಿಗಳು ಇದರಿಂದ ಕಲಿತ ಪಾಠ ವಿಚಿತ್ರವಾದದ್ದು. ಮೋಸ ಮಾಡಿದವರು ನಿರ್ಮಾಪಕರು ಮತ್ತು ಪ್ರಾಯೋಜಕರು. ಆದರೆ ಕಡಿವಾಣ ಬಿದ್ದದ್ದು ಸ್ಪರ್ಧಿಗಳ ಗಳಿಕೆಗೆ. ದೊಡ್ಡ ಹಣವೇ ಅಪಾಯ, ಒಬ್ಬನೇ ಬಹಳ ದಿನ ಗೆದ್ದರೆ ಜನ ಅನುಮಾನ ಪಡುತ್ತಾರೆ ಎಂಬ ಎಣಿಕೆ ಬೇರೂರಿತು. ಈ ಲೇಖನದ ಉಳಿದ ಭಾಗದಲ್ಲಿ ಬರುವ ಹೆಚ್ಚಿನ ಮಿತಿಗಳ ಹಿಂದೆ ಈ ತಪ್ಪು ಎಣಿಕೆಯ ನೆರಳಿದೆ.

ವಾಹಿನಿಯ ಮಿತಿ, ಮಿತಿ ಮೀರಿದ ಒಂದು ದಿನ

ಸಿಬಿಎಸ್ ತನ್ನ ಗೇಮ್ ಷೋಗಳಿಗೆ ಹಾಕಿದ್ದ ಮಿತಿ ಬಹುಕಾಲ 25,000 ಡಾಲರಿನ ಆಸುಪಾಸಿನಲ್ಲಿತ್ತು. ಆಮೇಲೆ ಹಂತಹಂತವಾಗಿ ಏರಿತು. ವಾಹಿನಿಯ ಹಿಡಿತದ ಹೊರಗೆ, ಊರೂರಿನ ಕೇಂದ್ರಗಳಿಗೆ ನೇರವಾಗಿ ಮಾರಾಟವಾಗುತ್ತಿದ್ದ ಕಾರ್ಯಕ್ರಮಗಳಿಗೆ ಅಷ್ಟು ಬಿಗಿ ಇರಲಿಲ್ಲ. ಬ್ಯಾರಿ ಮತ್ತು ಎನ್‌ರೈಟ್ ಜೋಡಿಯೇ 1970ರ ದಶಕದಲ್ಲಿ ಮರಳಿ ಬಂದು ನಡೆಸಿದ ‘ಟಿಕ್ ಟ್ಯಾಕ್ ಡೋ’ದಲ್ಲಿ ನೌಕಾಪಡೆಯ ಅಧಿಕಾರಿ ಥಾಮ್ ಮಕೀ 1980ರಲ್ಲಿ ನಗದು, ಬಹುಮಾನ ಎಲ್ಲ ಸೇರಿ 3,12,700 ಡಾಲರ್ ಗೆದ್ದರು. ಅದರಲ್ಲಿ ಎಂಟು ಕಾರುಗಳೂ ಇದ್ದವು.

ಮಿತಿಯೊಂದು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಮೈಕಲ್ ಲಾರ್ಸನ್ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಒಹಾಯೊ ರಾಜ್ಯದ ಲೆಬನಾನ್ ಎಂಬ ಊರಿನವರು. ಐಸ್‌ಕ್ರೀಮ್ ಗಾಡಿ ಓಡಿಸುತ್ತಿದ್ದರು. ಸಿಬಿಎಸ್‌ನ ‘ಪ್ರೆಸ್ ಯುವರ್ ಲಕ್’ನಲ್ಲಿ 18 ಚೌಕಗಳ ಹಲಗೆಯ ಮೇಲೆ ಬೆಳಕು ಚಕಚಕನೆ ಓಡುತ್ತದೆ, ಸ್ಪರ್ಧಿ ಗುಂಡಿ ಒತ್ತಿದಾಗ ನಿಲ್ಲುತ್ತದೆ. ನಿಂತ ಚೌಕದಲ್ಲಿ ಹಣವಿರಬಹುದು. ಇದ್ದುದೆಲ್ಲ ಕಳೆಯುವ ‘ವ್ಹ್ಯಾಮಿ’ಯೂ ಇರಬಹುದು. ಲಾರ್ಸನ್ ಮನೆಯಲ್ಲಿ ಕಂತುಗಳನ್ನು ಟೇಪಿನಲ್ಲಿ ತುಂಬಿಕೊಂಡು ಮತ್ತೆ ಮತ್ತೆ ನಿಲ್ಲಿಸಿ ನೋಡಿದರು. ಬೆಳಕಿನ ಓಟ ಹುಚ್ಚಾಪಟ್ಟೆ ಅಲ್ಲ, ಐದೇ ಮಾದರಿಗಳು ಸರದಿಯಲ್ಲಿ ಬರುತ್ತವೆ. 4 ಮತ್ತು 8ನೇ ಚೌಕಗಳಲ್ಲಿ ವ್ಹ್ಯಾಮಿ ಬರುವುದೇ ಇಲ್ಲ ಎಂದು ಕಂಡುಕೊಂಡರು. 1984ರ ಮೇ ತಿಂಗಳಲ್ಲಿ ಸ್ಟುಡಿಯೊಗೆ ಹೋಗಿ ಒಂದೇ ಆಟದಲ್ಲಿ 1,10,237 ಡಾಲರ್ ಗೆದ್ದರು. ಆಟ ಎಷ್ಟು ಉದ್ದವಾಯಿತೆಂದರೆ ಅದನ್ನು ಎರಡು ಕಂತುಗಳಾಗಿ ಒಡೆದು ಜೂನಿನಲ್ಲಿ ಪ್ರಸಾರ ಮಾಡಿದರು. 25,000 ದಾಟಿದವರು ಮರುದಿನ ಬರುವಂತಿಲ್ಲ ಎಂಬ ನಿಯಮ ಲಾರ್ಸನ್‌ಗೆ ಅನ್ವಯಿಸುವಷ್ಟರಲ್ಲಿ ಹಣವೆಲ್ಲ ಅವರದಾಗಿತ್ತು. ಅಧಿಕಾರಿಗಳು ಟೇಪನ್ನು ಪದೇಪದೇ ನೋಡಿದರು; ನಿಯಮ ಮುರಿದದ್ದು ಎಲ್ಲೂ ಕಾಣಲಿಲ್ಲ; ಪೂರ್ತಿ ಹಣ ಕೊಟ್ಟರು. ಬಳಿಕ ಬೆಳಕಿನ ಮಾದರಿಗಳನ್ನು ಹೆಚ್ಚಿಸಿದರು. ಸರಿಯಾದ ಮದ್ದು ಅದೇ ಆಗಿತ್ತು. ತೊಂದರೆ ಇದ್ದದ್ದು ಯಂತ್ರದಲ್ಲಿ, ಗೆದ್ದವನ ಜೇಬಿನಲ್ಲಿ ಅಲ್ಲ.

‘ಜೆಪರ್ಡಿ’ಯ ಐದು ದಿನ

‘ಜೆಪರ್ಡಿ’ ಹಗರಣದ ನಂತರದ ಕೂಸು. ಕ್ವಿಜ್ ಎಂದರೆ ವಾಹಿನಿಗಳು ಬೆಚ್ಚಿಬೀಳುತ್ತಿದ್ದ ಕಾಲದಲ್ಲಿ ಅದನ್ನು ರೂಪಿಸಿದ ಮರ್ವ್ ಗ್ರಿಫಿನ್ ಅವರ ಹೆಂಡತಿ ಜುಲಾನ್, ಉತ್ತರಗಳನ್ನು ನಾವೇ ಕೊಟ್ಟು ಪ್ರಶ್ನೆಯನ್ನು ಸ್ಪರ್ಧಿಗಳಿಂದ ಹೇಳಿಸಿದರೆ ಹೇಗೆ ಎಂದು ಸೂಚಿಸಿದರು. 1964ರ ಮಾರ್ಚ್ 30ರಂದು ಆರ್ಟ್ ಫ್ಲೆಮಿಂಗ್ ನಿರೂಪಣೆಯಲ್ಲಿ ಎನ್‌ಬಿಸಿಯಲ್ಲಿ ಅದು ಶುರುವಾಯಿತು. ಐದು ದಿನ ಸೋಲದೆ ಗೆದ್ದವರು ನಿವೃತ್ತರಾಗಿ, ಮುಂದೆ ಚಾಂಪಿಯನ್ನರ ಟೂರ್ನಿಗೆ ಬರುವ ಕ್ರಮ ಅಂದಿನದೇ.

1984ರಲ್ಲಿ ಅಲೆಕ್ಸ್ ಟ್ರೆಬೆಕ್ ನಿರೂಪಣೆಯಲ್ಲಿ ಕಾರ್ಯಕ್ರಮ ಮರುಹುಟ್ಟು ಪಡೆದಾಗ ಐದು ದಿನದ ಮಿತಿಯ ಜೊತೆಗೆ 75,000 ಡಾಲರಿನ ಮಿತಿಯೂ ಸೇರಿತು. ಅದನ್ನು ದಾಟಿದ ಹಣ ಸ್ಪರ್ಧಿ ಹೇಳಿದ ದತ್ತಿಸಂಸ್ಥೆಗೆ. 1990ರಲ್ಲಿ ನ್ಯೂಯಾರ್ಕಿನ ಸಾರಿಗೆ ಪೊಲೀಸ್ ಅಧಿಕಾರಿ, ಹುರಿ ಮೀಸೆಯ ಫ್ರ್ಯಾಂಕ್ ಸ್ಪ್ಯಾಂಗೆನ್‌ಬರ್ಗ್ ಐದು ದಿನಗಳಲ್ಲಿ 1,02,597 ಡಾಲರ್ ಗೆದ್ದರು. ಕೈಗೆ ಬಂದದ್ದು 75,000. ಉಳಿದ 27,597 ದತ್ತಿಗೆ ಹೋಯಿತು. ದಾನ ಒಳ್ಳೆಯದೇ. ಆದರೆ ದಾನ ಮಾಡುವ ನಿರ್ಧಾರ ಗೆದ್ದವನದಾಗಿರಬೇಕು. ಸೋತರೆ ಒಂದು ಡಾಲರೂ ಇಲ್ಲ ಎಂಬ ಅಂದಿನ ಕಟ್ಟುನಿಟ್ಟಿನ ಆಟದಲ್ಲಿ, ಗೆದ್ದರೆ ಪೂರ್ತಿ ಕೊಡುವುದಿಲ್ಲ ಎನ್ನುವುದು ಒಪ್ಪಿಕೊಳ್ಳಲಾಗದ ಮಾತು. ಈ ಮಿತಿ ಮುಂದೆ 1 ಲಕ್ಷಕ್ಕೆ, ಆಮೇಲೆ 2 ಲಕ್ಷಕ್ಕೆ ಏರಿತು. 2001ರ ನವೆಂಬರಿನಲ್ಲಿ ಪ್ರಶ್ನೆಗಳ ಹಲಗೆಯ ಮೇಲಿನ ಎಲ್ಲ ಮೊತ್ತಗಳೂ ಎರಡು ಪಟ್ಟಾದವು. 2003ರ ಸೆಪ್ಟೆಂಬರಿನಲ್ಲಿ, ಇಪ್ಪತ್ತನೆಯ ಋತುವಿನ ಆರಂಭಕ್ಕೆ, ಐದು ದಿನದ ನಿಯಮವನ್ನೇ ಕೈಬಿಟ್ಟರು. ಸೋಲುವವರೆಗೂ ಆಡಬಹುದು.

ಮರುವರ್ಷ ಜೂನ್ 2ರಂದು ಸಾಲ್ಟ್ ಲೇಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್ ಕೆನ್ ಜೆನ್ನಿಂಗ್ಸ್ ಮೊದಲ ಸಲ ಕಾಣಿಸಿಕೊಂಡರು. ಬೇಸಿಗೆ ಕಳೆಯಿತು, ಋತು ಮುಗಿದು ಹೊಸದು ಶುರುವಾಯಿತು. ಅವರು ಅಲ್ಲೇ ಇದ್ದರು. 74 ಗೆಲುವು, 25,20,700 ಡಾಲರ್. ಸರಾಸರಿ ಆಟವೊಂದಕ್ಕೆ 34,000 ಡಾಲರಿಗೆ ತುಸು ಮೇಲು.

ನವೆಂಬರ್ 30ರಂದು ಪ್ರಸಾರವಾದ 75ನೆಯ ಆಟವನ್ನು ಹತ್ತಿರದಿಂದ ನೋಡಬೇಕು. ಅದಕ್ಕೂ ಹಿಂದಿನ ಆಟಗಳಲ್ಲಿ ಬಹುಪಾಲು ಕೊನೆಯ ಪ್ರಶ್ನೆಗೆ ಮೊದಲೇ ತೀರ್ಮಾನವಾಗಿಬಿಡುತ್ತಿದ್ದವು. ಎದುರಾಳಿ ತನ್ನೆಲ್ಲ ಹಣ ಪಣಕ್ಕಿಟ್ಟು ಗೆದ್ದರೂ ಜೆನ್ನಿಂಗ್ಸ್ ಮೊತ್ತವನ್ನು ಮುಟ್ಟುವಂತಿರಲಿಲ್ಲ. ಆ ದಿನ ಡೈಲಿ ಡಬಲ್‌ಗಳಲ್ಲಿ, ಅಂದರೆ ಸ್ಪರ್ಧಿ ತಾನೇ ಪಣದ ಮೊತ್ತ ಗೊತ್ತುಪಡಿಸುವ ಪ್ರಶ್ನೆಗಳಲ್ಲಿ, ಎಡವಿ ಅವರು 14,400ಕ್ಕೆ ನಿಂತಿದ್ದರು. ಕ್ಯಾಲಿಫೋರ್ನಿಯಾದ ರಿಯಲ್ ಎಸ್ಟೇಟ್ ಏಜೆಂಟ್ ನ್ಯಾನ್ಸಿ ಜರ್ಗ್ 10,000ದಲ್ಲಿದ್ದರು. ಕೊನೆಯ ಪ್ರಶ್ನೆಗೆ ಇಬ್ಬರೂ ಗುಟ್ಟಾಗಿ ಪಣ ಬರೆಯಬೇಕು. ಜರ್ಗ್ ಎಲ್ಲವನ್ನೂ ಒಡ್ಡಿ 20,000 ಮುಟ್ಟಿದರೆ ಅದನ್ನು ಒಂದು ಡಾಲರಿನಿಂದ ದಾಟಬೇಕೆಂದು ಜೆನ್ನಿಂಗ್ಸ್ 5,601 ಬರೆದರು. ಜೆನ್ನಿಂಗ್ಸ್ ಈಗಿನ ಮೊತ್ತವನ್ನು ಒಂದು ಡಾಲರಿನಿಂದ ದಾಟಿದರೆ ಸಾಕೆಂದು ಜರ್ಗ್ 4,401 ಬರೆದರು. ವರ್ಷದಲ್ಲಿ ನಾಲ್ಕೇ ತಿಂಗಳು ದುಡಿಯುವ 70,000 ಹಂಗಾಮಿ ನೌಕರರಿರುವ ಕಂಪನಿ ಯಾವುದು ಎಂಬುದು ಪ್ರಶ್ನೆಯ ತಿರುಳು. ಜರ್ಗ್ ಬರೆದದ್ದು ಜನರ ತೆರಿಗೆ ಲೆಕ್ಕ ತುಂಬಿಕೊಡುವ ಎಚ್ ಅಂಡ್ ಆರ್ ಬ್ಲಾಕ್, ಸರಿ. ಜೆನ್ನಿಂಗ್ಸ್ ಕ್ರಿಸ್‌ಮಸ್ ಹೊತ್ತಿನ ಪಾರ್ಸೆಲ್ ದಟ್ಟಣೆಯನ್ನು ನೆನೆದು ಫೆಡ್‌ಎಕ್ಸ್ ಎಂದರು, ತಪ್ಪು. 14,401ಕ್ಕೆ 8,799. ಯಾವ ನಿಯಮವೂ ಅವರನ್ನು ಹೊರಗೆ ಕಳಿಸಲಿಲ್ಲ; ಒಂದು ಡಾಲರಿನ ಲೆಕ್ಕ ತಪ್ಪದೆ ಮಾಡಿದ ಒಬ್ಬ ಎದುರಾಳಿ ಕಳಿಸಿದರು. ಜರ್ಗ್ ಮರುದಿನವೇ ಸೋತರು.

ಹೋಲ್ಜ್‌ಹೌವರ್ ಮತ್ತು ಮೊತ್ತದ ಪ್ರಶ್ನೆ

ಲಾಸ್ ವೇಗಸ್‌ನಲ್ಲಿ ಕ್ರೀಡಾ ಬೆಟ್ಟಿಂಗನ್ನೇ ವೃತ್ತಿಯಾಗಿಸಿಕೊಂಡಿದ್ದ ಜೇಮ್ಸ್ ಹೋಲ್ಜ್‌ಹೌವರ್ 2019ರ ಏಪ್ರಿಲಿನಲ್ಲಿ ಬಂದು ಆಟದ ನಡೆಯನ್ನೇ ಬದಲಿಸಿದರು. ಹೆಚ್ಚಿನವರು ಸುಲಭದ, ಕಡಿಮೆ ಹಣದ ಪ್ರಶ್ನೆಯಿಂದ ಕೆಳಗಿಳಿಯುತ್ತಾರೆ. ಅವರು ಹಲಗೆಯ ತಳಸಾಲಿನ ದುಬಾರಿ ಪ್ರಶ್ನೆಗಳಿಂದ ಶುರುಮಾಡಿ ಬೇಗ ಹಣ ಕೂಡಿಸುತ್ತಿದ್ದರು. ಡೈಲಿ ಡಬಲ್ ಸಿಕ್ಕೊಡನೆ ಹಲವು ಸಲ ಇದ್ದುದನ್ನೆಲ್ಲ ಒಡ್ಡುತ್ತಿದ್ದರು. ತಮಗೆ ಗೊತ್ತಿಲ್ಲದ ವಿಷಯಗಳನ್ನು ಮಕ್ಕಳ ಪುಸ್ತಕಗಳಿಂದ ಕಲಿತೆನೆಂದು ಹೇಳಿಕೊಂಡಿದ್ದಾರೆ; ಚಿತ್ರಗಳಿರುವ, ನೇರ ಮಾತಿನ ಆ ಪುಸ್ತಕಗಳು ಬೇಸರ ತರಿಸದೆ ಬೇಕಾದಷ್ಟನ್ನೇ ಹೇಳುತ್ತವೆ. ಒಂದೇ ದಿನದ ಗರಿಷ್ಠ ಗಳಿಕೆ ಅಲ್ಲಿಯವರೆಗೆ 77,000 ಡಾಲರ್ ಇತ್ತು. ಅವರು ಅದನ್ನು 1,10,914ಕ್ಕೆ, ಮರುವಾರವೇ 1,31,127ಕ್ಕೆ ಏರಿಸಿದರು. 32 ಗೆಲುವುಗಳಲ್ಲಿ 24,62,216 ಡಾಲರ್, ಆಟವೊಂದಕ್ಕೆ ಸುಮಾರು 77,000. ಹಿಂದಿನ ಒಂದು ದಿನದ ದಾಖಲೆ ಅವರ ಸರಾಸರಿ ಆಗಿಹೋಯಿತು.

ಮಿತಿ ಮರಳಿ ಬರಲಿ ಎಂಬ ಮಾತು ಜೋರಾಗಿ ಕೇಳಿಬಂದದ್ದು ಆಗ. ಇದು ಜ್ಞಾನದ ಆಟವಲ್ಲ, ಜೂಜು ಎಂದರು ಕೆಲವರು. ‘ವಾಷಿಂಗ್ಟನ್ ಪೋಸ್ಟ್’ನ ಅಂಕಣವೊಂದು ಅವರನ್ನು ಕಾರ್ಯಕ್ರಮಕ್ಕೆ ಕಂಟಕವೆಂದೇ ಕರೆಯಿತು. ಟೀಕೆ ಸರಿಯಲ್ಲ. ಪಣ ಕಟ್ಟುವುದು ಆ ಆಟದ ನಿಯಮದಲ್ಲೇ ಇತ್ತು. ಧೈರ್ಯ ಸಾಲದೆ ಬೇರೆಯವರು ಬಳಸಿರಲಿಲ್ಲ ಅಷ್ಟೆ. ಅಲ್ಲದೆ ಉತ್ತರ ಗೊತ್ತಿಲ್ಲದೆ ಎಷ್ಟು ಪಣ ಕಟ್ಟಿದರೂ ಕೈಗೆ ಸಿಗುವುದು ಸೊನ್ನೆ. ಜೂನ್ 3ರ ಕಂತಿನಲ್ಲಿ ಅವರನ್ನು ಸೋಲಿಸಿದ ಎಮ್ಮಾ ಬೆಟ್ಚರ್ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಪಾಲಕಿ. ‘ಜೆಪರ್ಡಿ’ಯ ಪ್ರಶ್ನೆಗಳು ಎಷ್ಟು ಕಠಿಣ ಎಂಬುದನ್ನೇ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಆರಿಸಿಕೊಂಡಿದ್ದವರು. ಡೈಲಿ ಡಬಲ್ ಸಿಕ್ಕಾಗ ಅವರೂ ಹಿಂಜರಿಯದೆ ದೊಡ್ಡ ಪಣವನ್ನೇ ಕಟ್ಟಿದರು. ಜೆನ್ನಿಂಗ್ಸ್ ಮೊತ್ತಕ್ಕೆ 58,484 ಡಾಲರ್ ಬಾಕಿ ಇರುವಾಗ ಹೋಲ್ಜ್‌ಹೌವರ್ ಓಟ ನಿಂತಿತು.

2021 ಮತ್ತು 2022ರಲ್ಲಿ ಮ್ಯಾಟ್ ಅಮೋಡಿಯೊ (38 ಗೆಲುವು), ಏಮಿ ಷ್ನೈಡರ್ (40), ಮಟಿಯಾ ರೋಚ್ (23) ಒಬ್ಬರಾದ ಮೇಲೊಬ್ಬರು ನಿಂತಾಗ ದೂರಿನ ಬಗೆ ಬೇರೆಯಾಯಿತು. ಹಣ ಹೆಚ್ಚಾಯಿತು ಎಂಬುದಕ್ಕಿಂತ, ಹೊಸ ಮುಖಗಳಿಗೆ ಜಾಗವಿಲ್ಲ ಎಂಬ ಮಾತು ಮುಂದೆ ಬಂತು.

ಹೊಸಬರಿಗೆ ಎಷ್ಟು ಜಾಗ?

ಮಿತಿಯ ಪರವಾಗಿ ಇರುವ ವಾದಗಳಲ್ಲಿ ಮನಸ್ಸಿಗೆ ತಟ್ಟುವುದು ಇದೊಂದೇ. ‘ಜೆಪರ್ಡಿ’ಗೆ ಆಯ್ಕೆಯಾಗಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಸ್ವಂತ ಖರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಗೆ ಬರುತ್ತಾರೆ. ಒಮ್ಮೆ ಆಡಿ ಸೋತವರಿಗೆ ಸಾಮಾನ್ಯ ಆಟದಲ್ಲಿ ಮತ್ತೆ ಅವಕಾಶವಿಲ್ಲ. ಅಂಥವರು ಪಾಳಿ ಬಂದು ವೇದಿಕೆ ಹತ್ತಿದಾಗ ಎದುರಿಗೆ 40 ದಿನ ಗೆದ್ದವರು ನಿಂತಿದ್ದರೆ ಏನನ್ನಿಸೀತು?

ಆದರೆ ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆ. ಪ್ರತಿ ಕಂತಿಗೂ ಮೂವರು; ಒಬ್ಬರು ಗೆಲ್ಲುತ್ತಾರೆ, ಇಬ್ಬರು ಸೋಲುತ್ತಾರೆ. ಜೆನ್ನಿಂಗ್ಸ್ ಗೆದ್ದ 74 ಆಟಗಳಲ್ಲಿ 148 ಮಂದಿ ಸೋತರು. ಅವರಿಲ್ಲದಿದ್ದರೂ ಆ 74 ಆಟಗಳಲ್ಲಿ ಸೋಲುವವರು ಅಷ್ಟೇ. ಐದು ಗೆಲುವಿಗೆ ನಿವೃತ್ತಿ ಎಂದಿದ್ದರೆ, ನಿವೃತ್ತಿಯ ಮರುದಿನ ಇಬ್ಬರ ಬದಲು ಮೂವರು ಹೊಸಬರು ಬರುತ್ತಾರೆ. 74 ಆಟಗಳಲ್ಲಿ ಇಂಥ ನಿವೃತ್ತಿ ಹೆಚ್ಚೆಂದರೆ 14 ಸಲ. ಅಂದರೆ ಮಿತಿಯಿಂದ ಹೆಚ್ಚುವರಿಯಾಗಿ ವೇದಿಕೆ ಹತ್ತುವವರು ಆ ಸುಮಾರು ಆರು ತಿಂಗಳಲ್ಲಿ 14 ಜನ. ಗೆಲುವು ಹೆಚ್ಚು ಜನರಿಗೆ ಹಂಚಿಹೋಗುವುದು ನಿಜ. ಆಡುವ ಅವಕಾಶ ಹಂಚಿಹೋಗುವುದು ಮಾತ್ರ ತೀರ ಕಡಿಮೆ.

ಹೊಸಬರಿಗೆ ನಿಜವಾಗಿ ಆಗುವ ಅನ್ಯಾಯ ಬಜರ್‌ನಲ್ಲಿದೆ. ನಿರೂಪಕರು ಪ್ರಶ್ನೆ ಓದಿ ಮುಗಿಸುವವರೆಗೆ ಗುಂಡಿ ಕೆಲಸ ಮಾಡುವುದಿಲ್ಲ. ಓದು ಮುಗಿದೊಡನೆ ವೇದಿಕೆಯ ಹೊರಗೆ ಕೂತ ಸಿಬ್ಬಂದಿಯೊಬ್ಬರು ಅದನ್ನು ಬಿಡುಗಡೆ ಮಾಡುತ್ತಾರೆ. ಹಲಗೆಯ ಬದಿಯ ದೀಪಗಳು ಹೊತ್ತುತ್ತವೆ. ಅದಕ್ಕೆ ಮೊದಲೇ ಒತ್ತಿದವರ ಗುಂಡಿ ಕಾಲು ಸೆಕೆಂಡು ಸತ್ತಿರುತ್ತದೆ. ಮೂವರಿಗೂ ಉತ್ತರ ಗೊತ್ತಿರುವ ಪ್ರಶ್ನೆಗಳೇ ಹೆಚ್ಚು. ತೀರ್ಮಾನವಾಗುವುದು ಆ ಕಾಲು ಸೆಕೆಂಡಿನಲ್ಲಿ. ಹತ್ತು ಆಟ ಆಡಿದವರ ಬೆರಳಿಗೆ ಆ ಲಯ ಹತ್ತಿರುತ್ತದೆ. ಬೆಳಗಿನಿಂದ ಸಂಜೆಯೊಳಗೆ ಐದು ಕಂತು ಚಿತ್ರೀಕರಿಸುವುದರಿಂದ ಚಾಂಪಿಯನ್ನನಿಗೆ ಕೈ ಆರುವಷ್ಟೂ ಬಿಡುವಿರುವುದಿಲ್ಲ. ಹೊಸಬರು ಪ್ರೇಕ್ಷಕರ ಸಾಲಿನಲ್ಲಿ ಕೂತು, ತಮ್ಮ ಸರದಿ ಬರುವವರೆಗೆ ಒಂದೊಂದೇ ಆಟದಲ್ಲಿ ಚಾಂಪಿಯನ್ ಗೆಲ್ಲುವುದನ್ನು ನೋಡುತ್ತ ಅರ್ಧ ಸೋತಿರುತ್ತಾರೆ. ಜೆನ್ನಿಂಗ್ಸ್ ಓಟದ ನಡುವೆಯೇ ನಿರ್ಮಾಪಕರು ಹೊಸಬರಿಗೆ ಬಜರ್ ಹಿಡಿದು ಅಭ್ಯಾಸ ಮಾಡಲು ಹೆಚ್ಚು ಹೊತ್ತು ಕೊಟ್ಟರು, ಗುಂಡಿ ಬಿಡುಗಡೆ ಮಾಡುವವರನ್ನೂ ಬದಲಿಸಿದರು. ಲಾರ್ಸನ್ ನಂತರ ಬೆಳಕಿನ ಮಾದರಿ ಬದಲಿಸಿದಂತೆಯೇ ಇದೂ ತಕ್ಕ ಕ್ರಮ. ಓಡುವವನ ಕಾಲು ಕಟ್ಟುವ ಬದಲು ಎಲ್ಲರೂ ಒಂದೇ ಗೆರೆಯಿಂದ ಓಡುವಂತೆ ಮಾಡಿದರು. ಸೋತವರಿಗೆ ಸಿಗುವ ಹಣದ ವಿಷಯದಲ್ಲಿ ಇನ್ನೂ ಉದಾರವಾಗಬಹುದಿತ್ತು: 2002ರಿಂದ ಎರಡನೆಯವರಿಗೆ 2,000, ಮೂರನೆಯವರಿಗೆ 1,000 ಡಾಲರ್ ಇತ್ತು, ಇಪ್ಪತ್ತು ವರ್ಷ ಕಳೆದ ಮೇಲೆ ತಲಾ ಒಂದು ಸಾವಿರ ಏರಿತು. ವಿಮಾನ, ಹೋಟೆಲ್ ಖರ್ಚು ಕಳೆದರೆ ಉಳಿಯುವುದು ಅಲ್ಪ.

ಬ್ರಿಟನ್, ಫ್ರಾನ್ಸ್

ಬ್ರಿಟನ್ನಿನಲ್ಲಿ ಮಿತಿ ಹಾಕುತ್ತಿದ್ದದ್ದು ಖಾಸಗಿ ಪ್ರಸಾರವನ್ನು ನೋಡಿಕೊಳ್ಳುವ ನಿಯಂತ್ರಣ ಸಂಸ್ಥೆಯೇ. ಅಮೆರಿಕದ ಪ್ರಸಿದ್ಧ ಹೆಸರನ್ನೇ ಇಟ್ಟುಕೊಂಡು 1990ರಲ್ಲಿ ಐಟಿವಿಯಲ್ಲಿ ಬಂದ ‘ದಿ 64,000 ಡಾಲರ್ ಕ್ವೆಶ್ಚನ್’ನ ಗರಿಷ್ಠ ಬಹುಮಾನ 6,400 ಪೌಂಡು. ಆ ದಶಕದಲ್ಲಿ ಬಿಗಿ ಸಡಿಲವಾದ ಮೇಲೆಯೇ 1998ರಲ್ಲಿ ‘ಹು ವಾಂಟ್ಸ್ ಟು ಬಿ ಎ ಮಿಲಿಯನೇರ್’ ಸಾಧ್ಯವಾಯಿತು. ಇದಕ್ಕೆ ಬೇರೆ ತುದಿಯಲ್ಲಿರುವುದು ಚಾನೆಲ್ 4ರ ‘ಕೌಂಟ್‌ಡೌನ್’. 1982ರ ನವೆಂಬರ್ 2ರಂದು ಆ ವಾಹಿನಿಯ ಮೊಟ್ಟಮೊದಲ ಕಾರ್ಯಕ್ರಮವಾಗಿ ಪ್ರಸಾರವಾದ ಈ ಅಕ್ಷರ-ಅಂಕಿಗಳ ಆಟದಲ್ಲಿ ಎಂಟು ಗೆಲುವಿಗೆ ನಿವೃತ್ತಿ. ಎಂಟೂ ಗೆದ್ದವರನ್ನು ಅಭಿಮಾನಿಗಳು ‘ಆಕ್ಟೋಚಾಂಪ್’ ಎನ್ನುತ್ತಾರೆ. ಋತುವಿನ ಕೊನೆಗೆ ಅವರೇ ಪರಸ್ಪರ ಸೆಣಸುತ್ತಾರೆ. ಆಟವೊಂದನ್ನು ಗೆದ್ದವರಿಗೆ ಸಿಗುವುದು ಗಡಿಯಾರದ ಚಿತ್ರದ ಚಹಾ ಕೆಟಲ್. ಹಣವೇ ಇಲ್ಲದಿರುವುದರಿಂದ ಅಲ್ಲಿನ ಮಿತಿಯ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಎಂಟನೆಯ ಗೆಲುವು ಅಲ್ಲಿ ಒಂದು ಗೌರವ.

ಫ್ರಾನ್ಸಿನ ಟಿಎಫ್1 ವಾಹಿನಿಯ ‘ಲೆ ದೂಜ್ ಕೂ ದ ಮಿದಿ’ಯಲ್ಲಿ ಯಾವ ಮಿತಿಯೂ ಇಲ್ಲ. ಎಮಿಲಿಯೆನ್ ಎಂಬ ಹೆಸರಿನಲ್ಲಿ ಪರಿಚಿತರಾದ ವಿದ್ಯಾರ್ಥಿಯೊಬ್ಬರು 2023ರ ಸೆಪ್ಟೆಂಬರಿನಿಂದ 2025ರ ಜುಲೈವರೆಗೆ 647 ಕಂತುಗಳಲ್ಲಿ ಆಡಿ, ನಗದು ಮತ್ತು ವಸ್ತು ಸೇರಿ 25 ಲಕ್ಷ ಯೂರೊಗೂ ಮೀರಿ ಗೆದ್ದರು. ಊಟದ ಹೊತ್ತಿನಲ್ಲಿ ಸುಮಾರು ಎರಡು ವರ್ಷ ದಿನವೂ ಒಂದೇ ಮುಖ. ದಿನಗಳ ಮಿತಿ ಬೇಕೆನ್ನುವವರಿಗೆ ಇದಕ್ಕಿಂತ ಬಲವಾದ ಉದಾಹರಣೆ ಸಿಗದು. ಒಂದು ಕಾರ್ಯಕ್ರಮ ಒಬ್ಬನ ಮೇಲೆ ಅಷ್ಟು ಆತುಕೊಂಡರೆ ಅವನು ಸೋತ ದಿನ ನೋಡುಗರೂ ಎದ್ದುಹೋಗಬಹುದೆಂಬ ಅಂಜಿಕೆ ನಿರ್ಮಾಪಕರಿಗೆ ಹುಟ್ಟುವುದು ಸಹಜ. ‘ಟ್ವೆಂಟಿ ಒನ್’ ಕೆಟ್ಟದ್ದು ಇಂಥದೇ ಅಂಜಿಕೆಯಿಂದ. ಆದರೆ ಅಂಥ ಮೋಸವನ್ನು ತಡೆಯುವುದು ಮಿತಿಯಲ್ಲ; ಕಾನೂನು, ಪ್ರಶ್ನೆ ಬರೆಯುವವರನ್ನು ಸ್ಪರ್ಧಿಗಳಿಂದ ದೂರವಿಡುವ ಶಿಸ್ತು, ಹೊರಗಿನವರ ಕಣ್ಗಾವಲು.

ಭಾರತ, ಕನ್ನಡ

ಭಾರತದಲ್ಲಿ ಹೆಚ್ಚು ಜನಪ್ರಿಯವಾದ ಮಾದರಿಯಲ್ಲಿ ಮರಳಿ ಬರುವ ಚಾಂಪಿಯನ್ನೇ ಇಲ್ಲ. 2000ದ ಜುಲೈ 3ರಂದು ಶುರುವಾದ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲೂ, 2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯಲ್ಲಿ ಸುವರ್ಣ ವಾಹಿನಿಗೆ ಬಂದ ‘ಕನ್ನಡದ ಕೋಟ್ಯಧಿಪತಿ’ಯಲ್ಲೂ ಹಾಟ್ ಸೀಟಿಗೆ ಬಂದವರು ಒಂದು ಏಣಿ ಏರಿ ಇಳಿದು ಹೋಗುತ್ತಾರೆ. ಏಣಿಯ ತುದಿಯೇ ಮಿತಿ. ಗೆದ್ದ ಹಣಕ್ಕೆ ಶೇ 30ರ ದರದಲ್ಲಿ ಆದಾಯ ತೆರಿಗೆ ಕಡಿತವಾಗುವುದರಿಂದ ಒಂದು ಕೋಟಿ ಗೆದ್ದವರಿಗೆ ಒಂದು ಕೋಟಿ ಸಿಗುವುದಿಲ್ಲ ಎಂಬುದು ಬಹಳ ನೋಡುಗರಿಗೆ ಹೊಳೆಯದ ಸಂಗತಿ.

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿದೆ. ಅಲ್ಲಿ ಬಹುಮಾನ ಪುಸ್ತಕ. ಸರಿಯುತ್ತರ ಹೇಳಿದವರ ಕೈಗೆ ಕನ್ನಡದ ಪುಸ್ತಕವೊಂದು ಬರುತ್ತದೆ. ಮೇಷ್ಟರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು, ಗೃಹಿಣಿಯರು ಎಂದು ನಾಡಿನ ಮೂಲೆಮೂಲೆಯವರು ಬಂದುಹೋದ ಈ ಕಾರ್ಯಕ್ರಮ ಒಬ್ಬನೇ ಚಾಂಪಿಯನ್ನನನ್ನು ನೆಚ್ಚಿಕೊಳ್ಳದೆಯೂ ಎರಡು ದಶಕ ನಡೆಯಬಹುದೆಂದು ತೋರಿಸಿದೆ. ಇನ್ನೊಂದೆಡೆ, 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಸಂಘದ ಮುಕ್ತ ಸ್ಪರ್ಧೆಗಳಲ್ಲಿ ಗೆದ್ದವರು ಮತ್ತೆ ಬರಬಾರದೆಂಬ ಮಾತೇ ಇಲ್ಲ. ಬಲ್ಲವರನ್ನು ಸೋಲಿಸುವುದು ಹೇಗೆಂದು ಎಳೆಯರು ಕಲಿಯುವುದು ಆ ಬಲ್ಲವರ ಎದುರು ಕೂತೇ.

ಈಗಿನ ಸ್ಥಿತಿ

ಹಣದ ಮಿತಿಯನ್ನು ಸಮರ್ಥಿಸುವ ಕಾರಣಗಳು ಇಂದು ಉಳಿದಿಲ್ಲ. ದೀರ್ಘ ಓಟಗಳ ಕಾಲದಲ್ಲಿ ನೋಡುಗರ ಸಂಖ್ಯೆ ಏರಿದೆ; ಜೆನ್ನಿಂಗ್ಸ್, ಹೋಲ್ಜ್‌ಹೌವರ್ ಇಬ್ಬರ ಕಾಲದಲ್ಲೂ ಹಾಗಾಯಿತು. ಅವರ ಬೆವರಿನಿಂದ ಹೆಚ್ಚಿದ ಜಾಹೀರಾತಿನ ಲಾಭಕ್ಕೆ ಮಿತಿ ಹಾಕದ ಕಂಪನಿ ಅವರ ಬಹುಮಾನಕ್ಕೆ ಮಿತಿ ಹಾಕುವುದು ತರವಲ್ಲ. ದಿನಗಳ ಮಿತಿಯ ವಿಷಯ ಬೇರೆ. ಅದು ಆಟದ ಸ್ವರೂಪಕ್ಕೆ ಸೇರಿದ್ದು. ‘ಕೌಂಟ್‌ಡೌನ್’ನಂತೆ ಮೊದಲ ದಿನದಿಂದಲೇ ನಿಯಮವಾಗಿ ಎಲ್ಲರಿಗೂ ತಿಳಿದಿದ್ದರೆ ಅದರಲ್ಲಿ ಅನ್ಯಾಯವಿಲ್ಲ. ಒಬ್ಬ ಗೆಲ್ಲತೊಡಗಿದ ಮೇಲೆ ಅವನನ್ನು ನೋಡಿ ನಿಯಮ ತರುವುದು ಮಾತ್ರ ಸಲ್ಲದು.

‘ಜೆಪರ್ಡಿ’ ಐದು ದಿನದ ನಿಯಮವನ್ನು ಮರಳಿ ತಂದಿಲ್ಲ. ಬದಲಿಗೆ ಸೋತವರಿಗೂ ಹಳೆಯ ಚಾಂಪಿಯನ್ನರಿಗೂ ಬೇರೆ ಬೇರೆ ಟೂರ್ನಿಗಳನ್ನು ಹುಟ್ಟುಹಾಕಿದೆ: ಒಮ್ಮೆ ಸೋತವರಿಗೆ ‘ಸೆಕೆಂಡ್ ಚಾನ್ಸ್’, ಅತಿರಥರಿಗೆ 2023ರಿಂದ ‘ಮಾಸ್ಟರ್ಸ್’. ಟ್ರೆಬೆಕ್ 2020ರ ನವೆಂಬರಿನಲ್ಲಿ ತೀರಿಕೊಂಡ ಮೇಲೆ ನಿರೂಪಕರ ಜಾಗಕ್ಕೆ ಬಂದವರಲ್ಲಿ ಕೆನ್ ಜೆನ್ನಿಂಗ್ಸ್ ಒಬ್ಬರು. 2023ರ ಕೊನೆಯಿಂದ ಅದನ್ನು ಅವರೊಬ್ಬರೇ ನಡೆಸುತ್ತಿದ್ದಾರೆ.